ಓದುಗರ ಪ್ರಶ್ನೆ: ಹಳೆ ಸ್ಕ್ರಿಪ್ಟಿನ ನೆಟ್‌ವರ್ಕ್ ಸಾಲುಗಳನ್ನು ಏನು ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಹಲವು ಕ್ಯೂಎಮು ಬಗ್ಗೆಯೇ ಇದ್ದವು, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರ್ ಬಗ್ಗೆ. ಎಲ್ಲದರ ತಕರಾರೂ ನೆಟ್‌ವರ್ಕ್ ಸೆಟ್ಟಿಂಗ್‌ನದ್ದೇ. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅದು ತುರ್ತಿನದು.

ಪ್ರಶ್ನೆ: ನಮ್ಮಲ್ಲಿ ಫೈರ್‌ವಾಲ್ ಆಗಿ ಕೆಲಸ ಮಾಡುವ ಒಂದು ವರ್ಚುವಲ್ ಮಷೀನ್ ಇದೆ. ಅದನ್ನು ಶುರು ಮಾಡುವ ಶೆಲ್ ಸ್ಕ್ರಿಪ್ಟ್ ಬರೆದವರು ಈಗ ನಮ್ಮ ಜೊತೆ ಇಲ್ಲ. ಹೊಸ ಸರ್ವರ್‌ನಲ್ಲಿ ಅದನ್ನು ಓಡಿಸಿದಾಗ, ‘ವಿಲ್ಯಾನ್’ ಅನ್ನುವ ಪ್ಯಾರಾಮೀಟರ್ ಸರಿಯಿಲ್ಲ ಎಂದು ಹೇಳಿ ಕ್ಯೂಎಮು ನಿಂತುಬಿಟ್ಟಿತು. ವಿಲ್ಯಾನ್ 0, ವಿಲ್ಯಾನ್ 1 ಎಂದು ಇದ್ದ ಕಡೆಯೆಲ್ಲ ಅಳಿಸಿದೆ. ಮಷೀನ್ ಎದ್ದಿತು. ಆದರೆ ಈಗ ಒಳಗಿನ ಕಂಪ್ಯೂಟರ್‌ಗಳಿಗೆ ಒಮ್ಮೊಮ್ಮೆ ಹೊರಗಿನ ರೂಟರ್ ಐಪಿ ಕೊಡುತ್ತಿದೆ. ಏನಾಗಿದೆ?

ಉತ್ತರ: ಮೊದಲು ಆ ಮಷೀನ್ ನಿಲ್ಲಿಸಿ, ಆಮೇಲೆ ಉಳಿದದ್ದನ್ನು ಓದಿ. ನಿಮ್ಮ ಒಳಗಿನ ನೆಟ್‌ವರ್ಕೂ ಹೊರಗಿನ ನೆಟ್‌ವರ್ಕೂ ಈಗ ನೇರವಾಗಿ ಸೇರಿಕೊಂಡಿವೆ. ಫೈರ್‌ವಾಲ್ ಅವೆರಡರ ನಡುವೆ ಇಲ್ಲವೇ ಇಲ್ಲ.

ಯಾಕೆ ಹೀಗಾಯಿತು ಎಂದು ಹೇಳುತ್ತೇನೆ. ವರ್ಚುವಲ್ ಮಷೀನಿನ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಎರಡು ತುದಿ ಇರುತ್ತವೆ. ಒಂದು ತುದಿ ಒಳಗಿನ ಓಎಸ್‌ಗೆ ಕಾಣುವ ಕಾರ್ಡ್. ಅದು ಇ1000 ಆಗಿರಬಹುದು, ವರ್ಟಿಯೋ ಆಗಿರಬಹುದು. ಇನ್ನೊಂದು ತುದಿ ಹೋಸ್ಟ್ ಕಡೆಯದು, ಅಂದರೆ ಆ ಮಷೀನನ್ನು ಓಡಿಸುವ ನಿಜವಾದ ಕಂಪ್ಯೂಟರಿನ ಕಡೆಯದು. ಅಲ್ಲಿ ಟ್ಯಾಪ್ (ಹೋಸ್ಟ್ ಕರ್ನಲ್ ಕೊಡುವ ವರ್ಚುವಲ್ ನೆಟ್‌ವರ್ಕ್ ಇಂಟರ್‌ಫೇಸ್) ಇರುತ್ತದೆ, ಇಲ್ಲವೇ ಯೂಸರ್ ಮೋಡ್ ನೆಟ್‌ವರ್ಕ್ (ಕ್ಯೂಎಮು ತಾನೇ ನಡೆಸುವ ಪುಟ್ಟ ನೆಟ್‌ವರ್ಕ್) ಇರುತ್ತದೆ. ಹಳೆಯ ‘ನೆಟ್’ ಆಯ್ಕೆಯಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತಿದ್ದೆವು. ಆದರೆ ಯಾವ ಕಾರ್ಡಿಗೆ ಯಾವ ಟ್ಯಾಪ್ ಎಂದು ಹೇಳುವ ದಾರಿಯೇ ಅದರಲ್ಲಿ ಇರಲಿಲ್ಲ. ಎಲ್ಲವೂ ಹೋಗಿ ಕ್ಯೂಎಮು ಒಳಗಿನ ಒಂದು ಹಬ್‌ಗೆ ಅಂಟಿಕೊಳ್ಳುತ್ತಿದ್ದವು. ಆ ಹಬ್‌ನ ನಂಬರ್ರೇ ಈ ‘ವಿಲ್ಯಾನ್’. ಸ್ವಿಚ್‌ಗಳಲ್ಲಿ ನೆಟ್‌ವರ್ಕ್ ಬೇರ್ಪಡಿಸಲು ನಾವು ಬಳಸುವ 802.1ಕ್ಯೂ ವಿಲ್ಯಾನ್ ಟ್ಯಾಗಿಗೂ ಇದಕ್ಕೂ ಸಂಬಂಧವಿಲ್ಲ. ಈ ಗೊಂದಲ ತಪ್ಪಿಸಲೆಂದೇ 2018ರಲ್ಲಿ ಸೋರ್ಸ್ ಕೋಡಿನಲ್ಲೂ ಅದನ್ನು ಹಬ್ ಎಂದು ಬದಲಾಯಿಸಿದರು.

ಈ ಹಬ್‌ಗೆ ಗೊತ್ತಿರುವುದು ಒಂದೇ ಕೆಲಸ. ಒಂದು ಪೋರ್ಟಿನಿಂದ ಬಂದ ಫ್ರೇಮನ್ನು ಉಳಿದ ಎಲ್ಲ ಪೋರ್ಟಿಗೂ ಕಳಿಸುವುದು. ಸ್ವಿಚ್ ಥರ ವಿಳಾಸ ಕಲಿತು, ಬೇಕಾದ ಕಡೆಗೆ ಮಾತ್ರ ಕಳಿಸುವುದು ಅದಕ್ಕೆ ಬರುವುದಿಲ್ಲ. ನಿಮ್ಮ ಹಳೆ ಸ್ಕ್ರಿಪ್ಟಿನಲ್ಲಿ ಎರಡು ಹಬ್ ಇದ್ದವು. ಸೊನ್ನೆಯಲ್ಲಿ ಒಳಗಿನ ಕಾರ್ಡೂ ಟ್ಯಾಪೂ, ಒಂದರಲ್ಲಿ ಹೊರಗಿನ ಕಾರ್ಡೂ ಟ್ಯಾಪೂ. 2018ರ ಆಗಸ್ಟ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ವಿಲ್ಯಾನ್ ಪ್ಯಾರಾಮೀಟರ್ ತೆಗೆದುಹಾಕಿದರು. ಅಲ್ಲಿಂದ ಈಚೆಗೆ ‘ನೆಟ್’ ಎಂದು ಬರೆದದ್ದೆಲ್ಲ ಸೊನ್ನೆಯ ಹಬ್‌ಗೇ ಹೋಗುತ್ತದೆ. ನೀವು ನಂಬರ್ ಅಳಿಸಿದ ಕೂಡಲೇ ನಾಲ್ಕೂ ತುದಿಗಳು ಒಂದೇ ಹಬ್ ಸೇರಿದವು. ಒಳಗಿನ ಟ್ಯಾಪಿಗೆ ಬಂದ ಪ್ಯಾಕೆಟ್, ಫೈರ್‌ವಾಲಿನ ಓಎಸ್ ಅದನ್ನು ನೋಡುವ ಮೊದಲೇ, ಹೊರಗಿನ ಟ್ಯಾಪಿಗೂ ಹೋಗುತ್ತಿದೆ. ಹೊರಗಿನ ರೂಟರಿನ, ಐಪಿ ಕೊಡುವ ಡಿಎಚ್‌ಸಿಪಿ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತಿದೆ. ಆ ಟ್ಯಾಪ್‌ಗಳು ಸೇರಿರುವ ಹೋಸ್ಟಿನ ಎರಡೂ ಬ್ರಿಡ್ಜ್‌ಗಳು (ಸಾಫ್ಟ್‌ವೇರ್ ಸ್ವಿಚ್‌ಗಳು) ಬೇರೆ ಎಲ್ಲಾದರೂ ಮತ್ತೆ ಕೂಡಿದ್ದರೆ ಪ್ಯಾಕೆಟ್‌ಗಳು ಸುತ್ತುತ್ತಲೇ ಇದ್ದು, ಇಡೀ ನೆಟ್‌ವರ್ಕ್ ಮಲಗಿಬಿಡುತ್ತಿತ್ತು.

ಆ ಪದ ಅಳಿಸಿದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ಸರಿಯಿಲ್ಲ ಎಂದು ಹೇಳಿದ ಪದವನ್ನು ಯಾರಾದರೂ ಅಳಿಸಿಯೇ ನೋಡುತ್ತಾರೆ, ಅಲ್ವಾ? ತೆಗೆಯುವ ಮೊದಲು ‘ಇದರ ಬದಲು ನೆಟ್‌ಡೆವ್ ಬಳಸಿ’ ಎಂಬ ಎಚ್ಚರಿಕೆ ಬರುತ್ತಿತ್ತು. ಆದರೆ ಸರ್ವರ್ ಬದಲಿಸದೆ ವರ್ಷಗಟ್ಟಲೆ ನಡೆಸಿದವರ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ.

ಈಗ ಸರಿಪಡಿಸುವ ಕೆಲಸ. ‘ನೆಟ್’ ಸಾಲುಗಳನ್ನೆಲ್ಲ ತೆಗೆದುಬಿಡಿ. ಪ್ರತಿ ಟ್ಯಾಪಿಗೆ ಒಂದು ‘ನೆಟ್‌ಡೆವ್’ ಸಾಲು ಬರೆದು, ಅದಕ್ಕೊಂದು ಐಡಿ ಕೊಡಿ. ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಓದಿದ ತಕ್ಷಣ ತಿಳಿಯುವಂಥ ಹೆಸರಿಡಿ. ನೆಟ್0, ನೆಟ್1 ಎಂದರೆ ಮುಂದೆ ಬರುವವರು ಮತ್ತೆ ಊಹೆ ಮಾಡಬೇಕಾಗುತ್ತದೆ. ಪ್ರತಿ ಕಾರ್ಡಿಗೆ ಒಂದು ‘ಡಿವೈಸ್’ ಸಾಲು ಬರೆದು, ಅದರಲ್ಲಿ ಆ ಐಡಿಯನ್ನು ಸೂಚಿಸಿ. ನಡುವೆ ಹಬ್ ಇರುವುದಿಲ್ಲ. ಕಾರ್ಡೂ ಟ್ಯಾಪೂ ನೇರವಾಗಿ ಸೇರುತ್ತವೆ. ಇದರಿಂದ ವೇಗಕ್ಕೂ ಲಾಭವಿದೆ. ವರ್ಟಿಯೋ ಕಾರ್ಡಿನ ಕೆಲಸವನ್ನು ಹೋಸ್ಟ್ ಕರ್ನಲ್ಲಿಗೆ ವಹಿಸುವ ವಿಹೋಸ್ಟ್ ಸೌಲಭ್ಯಕ್ಕೆ ಈ ನೇರ ಜೋಡಿ ಬೇಕೇ ಬೇಕು.

ಬದಲಾಯಿಸುವಾಗ ಮೂರು ವಿಷಯ ಹಳೆಯದರಂತೆಯೇ ಉಳಿಯಬೇಕು: ಮ್ಯಾಕ್ ವಿಳಾಸ, ಕಾರ್ಡಿನ ಮಾಡೆಲ್, ಪಿಸಿಐ ಸ್ಲಾಟ್. ಮಾಡೆಲ್ ಬರೆಯದಿದ್ದರೆ ಯಾವ ಕಾರ್ಡ್ ಬರುತ್ತದೆ ಎನ್ನುವುದು ಮಷೀನ್ ಬಗೆಯ ಮೇಲೆ ಹೋಗುತ್ತದೆ. ಹಳೆಯ ಪಿಸಿ ಬಗೆಯಲ್ಲಿ ಇ1000, ಕ್ಯೂ35ರಲ್ಲಿ ಇ1000ಇ. ಸ್ಲಾಟ್ ಬದಲಾದರೆ ಲಿನಕ್ಸ್‌ನಲ್ಲಿ ಇಂಟರ್‌ಫೇಸಿನ ಹೆಸರು ಬದಲಾಗುತ್ತದೆ. ನಿಮ್ಮ ಫೈರ್‌ವಾಲ್ ನಿಯಮಗಳು ಹೆಸರು ನೋಡಿ ಕೆಲಸ ಮಾಡುವಂಥವಾದರೆ ಅವು ಯಾವುದಕ್ಕೂ ತಗಲುವುದಿಲ್ಲ. ಆದ್ದರಿಂದ ಹಳೆ ಸರ್ವರ್ ಇನ್ನೂ ಇದ್ದರೆ, ಅಲ್ಲಿ ಮಷೀನಿನ ಒಳಗೆ ಹೋಗಿ ಎಲ್‌ಎಸ್‌ಪಿಸಿಐ ಓಡಿಸಿ ಸ್ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಅದನ್ನೇ ಡಿವೈಸ್ ಸಾಲಿನಲ್ಲಿ ಹಾಕಿ.

ಮಷೀನ್ ಎದ್ದ ಮೇಲೆ ಕ್ಯೂಎಮು ಮಾನಿಟರಿನಲ್ಲಿ ‘ಇನ್ಫೋ ನೆಟ್‌ವರ್ಕ್’ ಕೊಡಿ. ಪ್ರತಿ ಕಾರ್ಡಿನ ಕೆಳಗೆ ಅದರದೇ ಟ್ಯಾಪ್ ಕಾಣಬೇಕು. ‘ಹಬ್ 0’ ಎಂಬ ಸಾಲು ಕಂಡರೆ ಎಲ್ಲೋ ಒಂದು ಹಳೆ ‘ನೆಟ್’ ಉಳಿದಿದೆ ಎಂದರ್ಥ. ಅದು ಹೋಗುವ ತನಕ ಹೊರಗಿನ ಕೇಬಲ್ ಸಿಕ್ಕಿಸಬೇಡಿ.

ಪ್ರಶ್ನೆ: ‘ನೆಟ್’, ‘ನೆಟ್‌ಡೆವ್’, ‘ನಿಕ್’ ಅಂತ ಮೂರು ಆಯ್ಕೆಗಳಿವೆ. ಮೂರೂ ಒಂದೇ ಕೆಲಸ ಮಾಡುವ ಹಾಗೆ ಕಾಣುತ್ತದೆ. ವಿದ್ಯಾರ್ಥಿಗಳಿಗೆ ಯಾವುದನ್ನು ಹೇಳಿಕೊಡಲಿ?

ಉತ್ತರ: ದಿನನಿತ್ಯಕ್ಕೆ ‘ನಿಕ್’. ನಿಖರವಾಗಿ ಹಿಡಿತ ಬೇಕಾದಾಗ ‘ನೆಟ್‌ಡೆವ್’ ಜೊತೆ ‘ಡಿವೈಸ್’. ‘ನೆಟ್’ ಅನ್ನು ಓದಿ ಅರ್ಥ ಮಾಡಿಕೊಳ್ಳಲು ಕಲಿಸಿ, ಬರೆಯಲು ಬೇಡ.

ಮೂರು ಯಾಕಿವೆ ಎಂದರೆ, ಒಂದೊಂದೂ ಹಿಂದಿನದರ ಕೊರತೆ ತುಂಬಲು ಬಂದದ್ದು. ಫಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಕ್ಯೂಎಮು ಬಿಡುಗಡೆ ಮಾಡಿದರು. ಅದರ ಮೊದಮೊದಲ ವರ್ಷಗಳಿಂದ ಬಂದದ್ದು ‘ನೆಟ್’. 2009ರ ಡಿಸೆಂಬರ್‌ನಲ್ಲಿ 0.12 ಆವೃತ್ತಿಯ ಜೊತೆ ‘ನೆಟ್‌ಡೆವ್’ ಬಂತು. ಅದು ಹಬ್ ಬಿಟ್ಟು ನೇರ ಜೋಡಿ ಕೊಟ್ಟಿತು. ಆದರೂ ‘ನೆಟ್’ ಸಾಯಲಿಲ್ಲ. ಎರಡು ಕಾರಣ. ಒಂದು, ಟೈಪ್ ಮಾಡಲು ಅದು ಚಿಕ್ಕದು. ಎರಡನೆಯದು ನಿಜವಾದ ಕಾರಣ. ಕೆಲವು ಬೋರ್ಡುಗಳಲ್ಲಿ, ಅದರಲ್ಲೂ ಎಆರ್‌ಎಂ ಥರದ ಎಂಬೆಡೆಡ್ ಬೋರ್ಡುಗಳಲ್ಲಿ, ನೆಟ್‌ವರ್ಕ್ ಚಿಪ್ ಬೋರ್ಡಿಗೇ ಬೆಸೆದಿರುತ್ತದೆ. ಅದರ ಮೆಮೊರಿ ವಿಳಾಸ, ಇಂಟರಪ್ಟ್ ಎಲ್ಲ ಮೊದಲೇ ಗೊತ್ತಾಗಿರುತ್ತವೆ. ಅದನ್ನು ಹುಟ್ಟಿಸುವುದು ಬೋರ್ಡಿನ ಕೋಡ್. ‘ಡಿವೈಸ್’ ಆಯ್ಕೆಗೆ ಅದನ್ನು ಮುಟ್ಟಲು ಆಗುವುದಿಲ್ಲ. ಅಂಥ ಚಿಪ್‌ಗೆ ಹೋಸ್ಟ್ ತುದಿ ಜೋಡಿಸಲು ‘ನೆಟ್’ ಒಂದೇ ದಾರಿಯಾಗಿತ್ತು.

2018ರ ಏಪ್ರಿಲ್‌ನಲ್ಲಿ 2.12 ಆವೃತ್ತಿಗೆ ಥಾಮಸ್ ಹುತ್ ‘ನಿಕ್’ ಆಯ್ಕೆ ತಂದರು. ಎರಡೂ ತುದಿ ಒಂದೇ ಸಾಲಿನಲ್ಲಿ ಬರುತ್ತವೆ, ಹಬ್ ಇಲ್ಲ, ಬೋರ್ಡಿನ ಚಿಪ್‌ಗೂ ಆಗುತ್ತದೆ. ಯೂಸರ್ ಎಂದು ಬರೆದು ಪಕ್ಕದಲ್ಲಿ ಮಾಡೆಲ್ ಹೇಳಿದರೆ ಮುಗಿಯಿತು. ನೆಟ್‌ವರ್ಕೇ ಬೇಡ ಎಂದರೆ ‘ನಿಕ್ ನನ್’. ಇದನ್ನು ಹೇಳಿಕೊಡಲು ಮರೆಯಬೇಡಿ. ಏನೂ ಹೇಳದೆ ಬಿಟ್ಟರೆ ಸಾಮಾನ್ಯ ಪಿಸಿ ಮಷೀನಿಗೆ ಕ್ಯೂಎಮು ತಾನಾಗಿಯೇ ಒಂದು ಕಾರ್ಡು ಹಾಕಿ ಯೂಸರ್ ಮೋಡ್‌ಗೆ ಸೇರಿಸುತ್ತದೆ. ಅನುಮಾನವಿರುವ ಡಿಸ್ಕ್ ಇಮೇಜ್ ಪರೀಕ್ಷಿಸುವ ವಿದ್ಯಾರ್ಥಿಗೆ ಇದು ಗೊತ್ತಿರಲೇಬೇಕು.

‘ನಿಕ್’ ಸಾಲದ ಜಾಗವೂ ಇದೆ. ವರ್ಟಿಯೋ ಕಾರ್ಡಿಗೆ ಹಲವು ಕ್ಯೂ ಬೇಕು, ಇಂಥದ್ದೇ ಪಿಸಿಐ ಸ್ಲಾಟ್ ಬೇಕು ಎಂದಾಗ ಅದರಲ್ಲಿ ಹೇಳಲು ಬರುವುದಿಲ್ಲ. ಆಗ ಎರಡು ಸಾಲು ಬರೆಯಿರಿ. ವರ್ಚುವಲ್ ಮಷೀನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಸಾಮಾನ್ಯವಾಗಿ ಮಾಡುವುದು ಇದನ್ನೇ. ಹಾಗಾಗಿ ಅದರ ಮೂಲಕ ಕೆಲಸ ಮಾಡುವ ವರ್ಷ್ ಅಥವಾ ವರ್ಟ್ ಮ್ಯಾನೇಜರ್ ಬಳಸುವವರು ಈ ತಲೆನೋವನ್ನೆಲ್ಲ ನೋಡಿಯೇ ಇರುವುದಿಲ್ಲ.

ಪ್ರಶ್ನೆ: ಒಂದೇ ಬ್ರಿಡ್ಜ್‌ನಲ್ಲಿ ಎರಡು ಮಷೀನ್ ಓಡಿಸಿದರೆ ಒಂದಕ್ಕೆ ನೆಟ್ ಸಿಕ್ಕಾಗ ಇನ್ನೊಂದಕ್ಕೆ ಹೋಗುತ್ತದೆ. ಒಂದೊಂದಾಗಿ ಓಡಿಸಿದರೆ ಎರಡೂ ಸರಿ.

ಉತ್ತರ: ಎರಡರ ಮ್ಯಾಕ್ ವಿಳಾಸವೂ 52:54:00:12:34:56 ಇರಬೇಕು, ನೋಡಿ. ನೀವು ಕೊಡದಿದ್ದರೆ ಕ್ಯೂಎಮು ಪ್ರತಿ ಮಷೀನಿನ ಮೊದಲ ಕಾರ್ಡಿಗೂ ಇದನ್ನೇ ಕೊಡುತ್ತದೆ. ಎರಡನೇ ಕಾರ್ಡಿನ ಕೊನೆ 57 ಆಗುತ್ತದೆ. ಯೂಸರ್ ಮೋಡ್‌ನಲ್ಲಿ ಪ್ರತಿ ಮಷೀನಿಗೂ ಅದರದೇ ಪುಟ್ಟ ನೆಟ್‌ವರ್ಕ್ ಇರುವುದರಿಂದ ತೊಂದರೆ ಕಾಣುವುದಿಲ್ಲ. ಅಲ್ಲಿ ಎಲ್ಲರಿಗೂ 10.0.2.15 ಸಿಕ್ಕರೂ ನಡೆಯುತ್ತದೆ. ಬ್ರಿಡ್ಜ್‌ನಲ್ಲಿ ನಡೆಯುವುದಿಲ್ಲ. 52:54:00 ಉಳಿಸಿಕೊಂಡು, ಕೊನೆಯ ಮೂರು ಜೋಡಿಯನ್ನು ಪ್ರತಿ ಮಷೀನಿಗೂ ಬೇರೆ ಮಾಡಿ, ಸ್ಕ್ರಿಪ್ಟಿನಲ್ಲೇ ಬರೆದಿಡಿ.

ಪ್ರಶ್ನೆ: ನಮ್ಮ ತಂಡ ಕ್ಯೂಎಮು ಒಳಗೆ ನಮ್ಮದೇ ಒಂದು ಬೋರ್ಡ್ ಮಾಡೆಲ್ ಇಟ್ಟುಕೊಂಡಿದೆ. ಅದರಲ್ಲಿ ಎಸ್‌ಒಸಿ (ಪ್ರೊಸೆಸರೂ ಉಳಿದ ಭಾಗಗಳೂ ಒಂದೇ ಚಿಪ್ಪಿನಲ್ಲಿ ಇರುವಂಥದು) ಒಳಗಿನ ಒಂದು ಈಥರ್ನೆಟ್ ಚಿಪ್ ಇದೆ, ಪಿಸಿಐ ಬಸ್ ಕೂಡ ಇದೆ. 9.0ಕ್ಕೆ ಬಂದಾಗ ‘ಎನ್‌ಡಿ ಟೇಬಲ್’, ‘ಎನ್‌ಬಿ ನಿಕ್ಸ್’ ಎರಡೂ ಸಿಗುತ್ತಿಲ್ಲ, ಕಂಪೈಲ್ ಆಗುತ್ತಿಲ್ಲ. ಅವನ್ನು ಮತ್ತೆ ಗ್ಲೋಬಲ್ ಮಾಡಿ ಮುಂದುವರಿಯಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅವನ್ನು ಮುಚ್ಚಿಟ್ಟದ್ದೇ ಈ ಕೆಲಸದ ಉದ್ದೇಶ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಕ್ಯೂಎಮುನಲ್ಲಿ ಆದ ಒಳ್ಳೆಯ ಶುಚಿ ಕೆಲಸಗಳಲ್ಲಿ ಇದೂ ಒಂದು. ಡೇವಿಡ್ ವುಡ್‌ಹೌಸ್ ಅದನ್ನು ಬೋರ್ಡಿಂದ ಬೋರ್ಡಿಗೆ ಹೋಗಿ ಮಾಡಿದ್ದಾರೆ. 2024ರ ಏಪ್ರಿಲ್‌ನಲ್ಲಿ 9.0 ಜೊತೆ ಹೊರಬಂತು.

ಮೊದಲು ಹೇಗಿತ್ತು ನೆನಪಿಸಿಕೊಳ್ಳಿ. ಕಮಾಂಡ್ ಸಾಲಿನಲ್ಲಿ ಕೇಳಿದ ಕಾರ್ಡುಗಳ ವಿವರ ‘ಎನ್‌ಡಿ ಟೇಬಲ್’ ಎಂಬ ಗ್ಲೋಬಲ್ ಅರೇನಲ್ಲಿ ಕೂರುತ್ತಿತ್ತು. ಎಂಟು ಕಾರ್ಡಿನ ಮಿತಿ. ಎಷ್ಟು ತುಂಬಿವೆ ಎನ್ನುವುದು ‘ಎನ್‌ಬಿ ನಿಕ್ಸ್’ನಲ್ಲಿ. ಪ್ರತಿ ಬೋರ್ಡೂ ಅದರೊಳಗೆ ಕೈ ಹಾಕಿ ತನಗೆ ತೋಚಿದಂತೆ ಎತ್ತಿಕೊಳ್ಳುತ್ತಿತ್ತು. ಒಂದು ಬೋರ್ಡ್ ಮೊದಲನೆಯದನ್ನು ಮಾತ್ರ ನೋಡುತ್ತಿತ್ತು. ಇನ್ನೊಂದು ಲೂಪ್ ಹಾಕಿ ಮಾಡೆಲ್ ಹೆಸರು ಹೋಲಿಸುತ್ತಿತ್ತು. ಮತ್ತೊಂದು ಮಾಡೆಲ್ ಖಾಲಿ ಇದ್ದರೆ ತಾನೇ ತುಂಬುತ್ತಿತ್ತು. ವರ್ಸಟೈಲ್ ಪಿಬಿ ಬೋರ್ಡಿನ ಹಳೆ ಕೋಡ್ ನೋಡಿ. ಎಸ್‌ಎಂಸಿ 91ಸಿ111 ಚಿಪ್ ಕೊಟ್ಟಾಯಿತೇ ಎಂದು ನೆನಪಿಡಲು ಒಂದು ವೇರಿಯಬಲ್, ಕೊಟ್ಟಾಗಿದ್ದರೆ ಮುಂದಿನ ಕಾರ್ಡೆಲ್ಲ ಪಿಸಿಐ ಆರ್‌ಟಿಎಲ್ 8139. ಇದೇ ಲೆಕ್ಕಾಚಾರ ಸಣ್ಣಪುಟ್ಟ ವ್ಯತ್ಯಾಸದ ಜೊತೆ ಬೇರೆ ಬೇರೆ ಫೈಲುಗಳಲ್ಲಿತ್ತು. ಒಂದೇ ಆಯ್ಕೆ ಒಂದು ಬೋರ್ಡಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ನಡೆದುಕೊಳ್ಳಲು ಇದೇ ಕಾರಣ.

ಈಗ ಆ ಲೆಕ್ಕಾಚಾರ ನೆಟ್‌ವರ್ಕಿನ ಮೂಲ ಫೈಲಿನಲ್ಲಿ, ಒಂದೇ ಕಡೆ ಇದೆ. ಬೋರ್ಡ್ ಟೇಬಲ್ ನೋಡುವುದಿಲ್ಲ. ‘ನನ್ನ ಹತ್ತಿರ ಈ ಚಿಪ್ ಇದೆ, ಇದಕ್ಕೆ ಹೊಂದುವ ಸೆಟ್ಟಿಂಗ್ ಇದೆಯೇ’ ಎಂದು ಕೇಳುತ್ತದೆ, ಅಷ್ಟೇ.

ನೀವು ಮೊದಲು ತೀರ್ಮಾನಿಸಬೇಕಾದ್ದು ಇದು: ಬಳಕೆದಾರ ನೆಟ್‌ವರ್ಕ್ ಕೇಳದಿದ್ದರೂ ಆ ಚಿಪ್ ಬೋರ್ಡಿನಲ್ಲಿ ಇರಬೇಕೇ? ನಿಮ್ಮದು ಎಸ್‌ಒಸಿ ಒಳಗಿನ ಚಿಪ್. ನಿಜವಾದ ಹಾರ್ಡ್‌ವೇರಿನಲ್ಲಿ ಕೇಬಲ್ ಇರಲಿ ಬಿಡಲಿ, ಚಿಪ್ ಇದ್ದೇ ಇರುತ್ತದೆ. ಡ್ರೈವರ್ ಅದರ ರಿಜಿಸ್ಟರ್ ಓದಿದಾಗ ಉತ್ತರ ಸಿಗಬೇಕು. ಹಾಗಾಗಿ ಅದನ್ನು ಯಾವಾಗಲೂ ಹುಟ್ಟಿಸಿ, ‘ಕಾನ್ಫಿಗರ್ ನಿಕ್ ಡಿವೈಸ್’ ಫಂಕ್ಷನ್ ಕರೆಯಿರಿ. ಸೆಟ್ಟಿಂಗ್ ಇದ್ದರೆ ಮ್ಯಾಕ್ ವಿಳಾಸವೂ ಹೋಸ್ಟ್ ತುದಿಯೂ ಬರುತ್ತವೆ, ಇಲ್ಲದಿದ್ದರೆ ಸಂಪರ್ಕವಿಲ್ಲದ ಚಿಪ್ ಆಗಿ ಉಳಿಯುತ್ತದೆ. ಈ ಕರೆ ಚಿಪ್ ರಿಯಲೈಸ್ ಆಗುವ, ಅಂದರೆ ಪೂರ್ತಿ ಸಿದ್ಧವಾಗುವ ಮೊದಲೇ ಬರಬೇಕು, ಆಮೇಲೆ ಪ್ರಾಪರ್ಟಿ ಹಾಕಲು ಬರುವುದಿಲ್ಲ. ಕೇಳಿದಾಗ ಮಾತ್ರ ಇರಬೇಕಾದ ಚಿಪ್‌ಗೆ ‘ಕ್ರಿಯೇಟ್ ನಿಕ್ ಡಿವೈಸ್’ ಇದೆ. ಹೊಂದುವುದು ಸಿಗದಿದ್ದರೆ ಅದು ನಲ್ ಕೊಡುತ್ತದೆ.

ಎರಡೂ ಫಂಕ್ಷನ್ನಿಗೆ ‘ಮ್ಯಾಚ್ ಡೀಫಾಲ್ಟ್’ ಎಂಬ ಒಂದು ಬೂಲಿಯನ್ ಹೋಗುತ್ತದೆ. ಬಳಕೆದಾರ ಮಾಡೆಲ್ ಹೇಳದೆ ಬಿಟ್ಟ ಕಾರ್ಡನ್ನು ಈ ಚಿಪ್ ತೆಗೆದುಕೊಳ್ಳಬಹುದೇ ಎಂಬುದು ಅದರ ಅರ್ಥ. ನಿಮ್ಮ ಎಸ್‌ಒಸಿ ಚಿಪ್‌ಗೆ ‘ಹೌದು’ ಎನ್ನಿ. ಮೂರನೆಯದು ಅಲಿಯಾಸ್. ನಿಮ್ಮ ಜನ ಇಷ್ಟು ವರ್ಷ ಬೇರೊಂದು ಚಿಕ್ಕ ಹೆಸರನ್ನು ಮಾಡೆಲ್ ಎಂದು ಟೈಪ್ ಮಾಡುತ್ತಿದ್ದರೆ ಅದನ್ನು ಇಲ್ಲಿ ಕೊಡಿ, ಅವರ ಸ್ಕ್ರಿಪ್ಟ್ ಮುರಿಯುವುದಿಲ್ಲ.

ಪಿಸಿಐ ಬಸ್ಸಿಗೆ ‘ಪಿಸಿಐ ಇನಿಟ್ ನಿಕ್ ಡಿವೈಸಸ್’ ಒಂದೇ ಕರೆ ಸಾಕು. ಅದು ಉಳಿದ ಪಿಸಿಐ ಕಾರ್ಡನ್ನೆಲ್ಲ ಬಾಚಿಕೊಳ್ಳುತ್ತದೆ. ಆದ್ದರಿಂದ ಎಸ್‌ಒಸಿ ಚಿಪ್ ತನ್ನ ಪಾಲು ತೆಗೆದುಕೊಂಡ ಮೇಲೆ ಇದು ಬರಬೇಕು. ಈ ಕ್ರಮ ತಲೆಕೆಳಗಾದರೆ ಮಾಡೆಲ್ ಹೇಳದ ಮೊದಲ ಕಾರ್ಡ್ ಪಿಸಿಐ ಕಡೆ ಹೋಗಿ, ನಿಮ್ಮ ಚಿಪ್‌ಗೆ ಸಂಪರ್ಕವೇ ಇರುವುದಿಲ್ಲ. ಕಂಪೈಲ್ ಆಗುತ್ತದೆ, ಬೂಟ್ ಕೂಡ ಆಗುತ್ತದೆ. ಆದರೆ ಪಿಂಗ್ ಹೋಗುವುದಿಲ್ಲ.

ಪರೀಕ್ಷೆ ಮಾಡುವಾಗ ಹಳೆ ಬೈನರಿ ಪಕ್ಕದಲ್ಲಿರಲಿ. ಆಯ್ಕೆಯೇ ಇಲ್ಲದೆ ಒಮ್ಮೆ, ‘ನಿಕ್ ನನ್’ ಕೊಟ್ಟು ಒಮ್ಮೆ, ಮಾಡೆಲ್ ಹೇಳದೆ ಒಮ್ಮೆ, ಎರಡು ಕಾರ್ಡ್ ಕೊಟ್ಟು ಒಮ್ಮೆ ಶುರು ಮಾಡಿ, ಮಾನಿಟರಿನಲ್ಲಿ ‘ಇನ್ಫೋ ಕ್ಯೂಟ್ರೀ’ ತೆಗೆದು ಎರಡೂ ಬೈನರಿಯ ಉತ್ತರ ಹೋಲಿಸಿ. ಬೇಕೆಂದೇ ಇಲ್ಲದ ಮಾಡೆಲ್ ಹೆಸರನ್ನೂ ಕೊಟ್ಟು ನೋಡಿ. ಕೇಳಿದ ಕಾರ್ಡ್ ಸಿಗಲಿಲ್ಲ ಎಂದು ಹೊಸ ಬೈನರಿ ಹೇಳಬೇಕು, ಸುಮ್ನೆ ನುಂಗಿಕೊಳ್ಳಬಾರದು.

ಪ್ರಶ್ನೆ: ಸೋರ್ಸ್‌ನಿಂದ ನಾನೇ ಬಿಲ್ಡ್ ಮಾಡಿದ ಕ್ಯೂಎಮುನಲ್ಲಿ ಯೂಸರ್ ಮೋಡ್ ಇಲ್ಲ ಎನ್ನುತ್ತಿದೆ. ತೆಗೆದುಬಿಟ್ಟರಾ?

ಉತ್ತರ: ಇಲ್ಲ. 2022ರ ಡಿಸೆಂಬರಿನಲ್ಲಿ 7.2 ಬರುವ ತನಕ, ಯೂಸರ್ ಮೋಡ್ ನಡೆಸುವ ಸ್ಲರ್ಪ್ ಕೋಡ್ ಕ್ಯೂಎಮು ಜೊತೆಗೇ ಬರುತ್ತಿತ್ತು. ಆಮೇಲೆ ಅದು ಹೊರಗಿನ ಲೈಬ್ರರಿ. ನಿಮ್ಮ ಡಿಸ್ಟ್ರೋದ ಲಿಬ್‌ಸ್ಲರ್ಪ್ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ, ಮತ್ತೆ ಕಾನ್ಫಿಗರ್ ಮಾಡಿ. ಮುಂದೆ ಹೀಗಾಗದಿರಲು ಕಾನ್ಫಿಗರ್‌ಗೆ ಸ್ಲರ್ಪ್ ಬೇಕೇ ಬೇಕು ಎಂದು ಹೇಳಿ. ಆಗ ಲೈಬ್ರರಿ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಇಂಥ ಹಳೆ ಕೋಡ್ ಸರಳ ಮಾಡುವ ಕೆಲಸದಲ್ಲಿ ನಾನೂ ಸೇರಬೇಕು ಅಂತಿದೆ. ಸಿ ಬರುತ್ತದೆ, ದೊಡ್ಡ ಪ್ರಾಜೆಕ್ಟಿನ ಅನುಭವ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಓದಿ ಖುಷಿಯಾಯಿತು. ಹೊಸ ಸೌಲಭ್ಯ ಸೇರಿಸಲು ಬರುವವರಿಗೆ ಹೋಲಿಸಿದರೆ ಹಳೆಯದನ್ನು ತೆಗೆಯಲು ಬರುವವರು ಕಡಿಮೆ.

ಕ್ಯೂಎಮು ದಾಖಲೆಗಳಲ್ಲಿ ‘ಡೆಪ್ರಿಕೇಟೆಡ್ ಫೀಚರ್ಸ್’ ಎಂಬ ಪುಟ ಇದೆ. ಅಲ್ಲಿಂದ ಶುರು ಮಾಡಿ. ಒಂದು ಸೌಲಭ್ಯವನ್ನು ಆ ಪಟ್ಟಿಗೆ ಹಾಕಿದ ಮೇಲೆ ಆ ಆವೃತ್ತಿಯಲ್ಲೂ ಮುಂದಿನ ಒಂದು ಆವೃತ್ತಿಯಲ್ಲೂ ಅದು ಕೆಲಸ ಮಾಡಬೇಕು. ಆಮೇಲೆ ತೆಗೆಯಬಹುದು. ತೆಗೆಯಬಹುದಾಗಿದ್ದರೂ ಯಾರೂ ಮುಟ್ಟದೆ ಉಳಿದವು ಅಲ್ಲಿ ಸಿಗುತ್ತವೆ. ಪಕ್ಕದ ‘ರಿಮೂವ್ಡ್ ಫೀಚರ್ಸ್’ ಪುಟವನ್ನೂ ಓದಿ. ಪ್ರತಿಯೊಂದಕ್ಕೂ ಬದಲಿ ಏನು ಎಂದು ಅಲ್ಲಿ ಬರೆದಿರುತ್ತಾರೆ. ‘ನೆಟ್’ ಆಯ್ಕೆಯ ‘ನೇಮ್’ ಪ್ಯಾರಾಮೀಟರ್ 5.1ರಲ್ಲಿ ಹೋದದ್ದು ಚಿಕ್ಕ ಉದಾಹರಣೆ. ‘ಐಡಿ’ ಮಾಡುವ ಕೆಲಸವನ್ನೇ ಅದೂ ಮಾಡುತ್ತಿತ್ತು. ಆ ಕಮಿಟ್ ಹುಡುಕಿ, ಕೋಡಿನಲ್ಲಿ, ದಾಖಲೆಯಲ್ಲಿ ಏನೇನು ಮುಟ್ಟಿದ್ದಾರೆ ಎಂದು ಸಾಲು ಸಾಲಾಗಿ ನೋಡಿ.

ನಿಮ್ಮ ಮೊದಲ ಪ್ಯಾಚ್ ಚಿಕ್ಕದಿರಲಿ. ಹೆಸರು ಬದಲಿಸುವ ಪ್ಯಾಚ್ ಬೇರೆ, ನಡವಳಿಕೆ ಬದಲಿಸುವ ಪ್ಯಾಚ್ ಬೇರೆ. ಎರಡನ್ನೂ ಬೆರೆಸಿದರೆ ಪರಿಶೀಲಿಸುವವರಿಗೆ ಕಣ್ಣು ಕಟ್ಟಿದ ಹಾಗಾಗುತ್ತದೆ. ಸರಣಿಯಲ್ಲಿ ಪ್ರತಿ ಪ್ಯಾಚ್ ಹಾಕಿದ ಮೇಲೂ ಬಿಲ್ಡ್ ಆಗಬೇಕು, ‘ಮೇಕ್ ಚೆಕ್’ ಪಾಸಾಗಬೇಕು. ಮುಂದೆ ಯಾರೋ ದೋಷ ತಂದ ಕಮಿಟ್ ಹುಡುಕಲು ಬೈಸೆಕ್ಟ್ ಮಾಡುವಾಗ ನಿಮ್ಮ ಸರಣಿಯ ನಡುವೆ ಬಂದು ನಿಲ್ಲಬಹುದು. ಒಂದೇ ಬಗೆಯ ಬದಲಾವಣೆ ಬಹಳ ಫೈಲುಗಳಲ್ಲಿ ಬೇಕಿದ್ದರೆ ಸಿ ಕೋಡನ್ನು ಒಟ್ಟಿಗೆ ತಿದ್ದುವ ಕಾಕ್ಸಿನೆಲ್ ಎಂಬ ಸಾಧನ ಕಲಿಯಿರಿ. ಅದಕ್ಕೆ ಬರೆದ ಸ್ಕ್ರಿಪ್ಟುಗಳು ಕ್ಯೂಎಮು ಸೋರ್ಸ್‌ನಲ್ಲೇ ಇವೆ.

ಕಮಿಟ್ ಸಂದೇಶದಲ್ಲಿ ಏನು ತೆಗೆದಿರಿ ಎನ್ನುವುದು ಡಿಫ್ ನೋಡಿದರೆ ಗೊತ್ತಾಗುತ್ತದೆ. ಅದನ್ನು ಬಳಸುತ್ತಿದ್ದವರು ಈಗ ಏನು ಬರೆಯಬೇಕು ಎಂಬುದನ್ನು ಬರೆಯಿರಿ, ಹಳೆ ಸಾಲು ಮತ್ತು ಹೊಸ ಸಾಲು ಎರಡನ್ನೂ ಕೊಟ್ಟು. ಎರರ್ ಸಂದೇಶ ಬರೆಯುವ ಅವಕಾಶ ಸಿಕ್ಕರೆ ಅಲ್ಲೂ ಇದನ್ನೇ ಮಾಡಿ. ಮೇಲಿನ ಫೈರ್‌ವಾಲ್ ಪತ್ರ ಓದಿದ್ದೀರಲ್ಲ, ಆ ಸಂದೇಶ ‘ವಿಲ್ಯಾನ್ ಸರಿಯಿಲ್ಲ’ ಎಂದಷ್ಟೇ ಹೇಳದೆ, ‘ನೆಟ್‌ಡೆವ್ ಜೊತೆ ಡಿವೈಸ್ ಬಳಸಿ’ ಎಂದೂ ಹೇಳಿದ್ದರೆ ಅವರು ಆ ಪದಗಳನ್ನು ಅಳಿಸಿ ಮುಂದೆ ಹೋಗುತ್ತಿರಲಿಲ್ಲ.